ಎಣ್ಣೆ ಕುಡಿದ ಕಟ್ಟಿಗೆ

ಮಗ್ಗದ ಕಟ್ಟಿಗೆ ಕೆಲಸ ಎಂದರೆ ನಿಂಗಣ್ಣ ಬಡಿಗೇರನ ಕೈಯಿಂದಲೇ ಆಗಬೇಕು ಎಂದು ಬನಹಟ್ಟಿಯಲ್ಲಿ ಜನ ಹೇಳುತ್ತಾರೆ. ಆ ನಿಂಗಣ್ಣ ನಾನೇ. ಮೊದಲೆಲ್ಲ ಈ ಮಾತು ಕೇಳಿದರೆ ಎದೆ ಉಬ್ಬುತ್ತಿತ್ತು. ಈಗ ಯಾರಾದರೂ ನನ್ನ ಕೈಗುಣದ ಮಾತೆತ್ತಿದರೆ ಎದ್ದು ಒಳಗೆ ಹೋಗುತ್ತೇನೆ. ಏಕೆಂದು ಹೇಳುತ್ತೇನೆ, ಆದರೆ ನಡುವೆ ಬಾಯಿ ಹಾಕಬೇಡಿ. ನನಗೆ ಸಿಟ್ಟು ಬೇಗ ಬರುತ್ತದೆ, ಈ ವಿಷಯದಲ್ಲಂತೂ ನನ್ನ ಮೇಲೆಯೇ ಬರುತ್ತದೆ.

ಮೊದಲು ನನ್ನ ಕಸಬು ನಿಮಗೆ ತಿಳಿದಿರಬೇಕು. ಪಾವರ್‌ಲೂಮ್ ಎಂದರೆ ಪೂರ್ತಿ ಕಬ್ಬಿಣ ಎಂದುಕೊಂಡಿರುತ್ತೀರಿ. ಅಲ್ಲ. ಅಡ್ಡನೂಲು ಒಯ್ಯುವ ಲಾಳಿ ಕಟ್ಟಿಗೆಯದು. ಲಾಳಿಯನ್ನು ಈ ತುದಿಯಿಂದ ಆ ತುದಿಗೆ ಹೊಡೆಯುವ ಕೋಲೂ ಕಟ್ಟಿಗೆಯದೇ. ನಿಮಿಷಕ್ಕೆ ನೂರಕ್ಕೂ ಹೆಚ್ಚು ಹೊಡೆತ ಬೀಳುವ ಜಾಗ ಅದು. ಕೋಲು ಹಸಿಯಾಗಿದ್ದರೆ ಬಾಗುತ್ತದೆ, ಒಣಗಿದ್ದರೆ ಸೀಳುತ್ತದೆ. ಅದಕ್ಕಾಗಿ ಹೊಸ ಕೋಲುಗಳನ್ನು ನಾವು ವಾರಗಟ್ಟಲೆ ಮಗ್ಗದ ಎಣ್ಣೆಯಲ್ಲಿ ಅದ್ದಿಡುತ್ತೇವೆ. ನಮ್ಮಪ್ಪ ಕಲಿಸಿದ ಮೊದಲ ಪಾಠವೇ ಅದು. ಕಟ್ಟಿಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಸಾಕು, ನನ್ನ ಕೈ ಕೇಳದೆ ಎಣ್ಣೆಯ ಡಬ್ಬಿಗೆ ಹೋಗುತ್ತದೆ. ನಲವತ್ತು ವರ್ಷದ ರೂಢಿ.

ನನ್ನ ಗೆಳೆಯ ಮಹಾವೀರ ತೇರದಾಳದವನು, ಜೈನರ ಪೈಕಿ, ನೂಲಿನ ವ್ಯಾಪಾರಿ. ಬನಹಟ್ಟಿಗೆ ಬಂದ ದಿನ ನನ್ನ ಅಂಗಡಿಯಲ್ಲಿ ಕೂತು ಚಹಾ ಕುಡಿಯದೆ ಹೋದವನಲ್ಲ. ಅವನ ಮಗಳು ನೇಹಾ ಚಿಕ್ಕವಳಿದ್ದಾಗ ಅಪ್ಪನ ಬೆನ್ನು ಹತ್ತಿ ಬಂದು ನನ್ನ ಅಂಗಡಿಯ ಕಟ್ಟಿಗೆಯ ಸುರುಳಿಗಳಲ್ಲಿ ಆಡುತ್ತಿದ್ದಳು. ನನಗೆ ಕಾಕಾ, ನನ್ನ ಹೆಂಡತಿ ತಂಗೆವ್ವನಿಗೆ ಕಾಕು. ಅವಳ ವಿಷಯ ಒಂದು ಹೇಳಲೇಬೇಕು. ಆರು ತುಂಬಿದ ಹೊಸದರಲ್ಲಿ ಅವಳನ್ನು ಜಮಖಂಡಿಯ ಬಸ್ಸಿಗೆ ಹತ್ತಿಸುವಾಗ ಅವರವ್ವ ಕಿವಿಯಲ್ಲಿ, ‘ಯಾರರ ಕೇಳಿದ್ರ ಐದು ಅನ್ನು, ಟಿಕೇಟು ಬೀಳೂದಿಲ್ಲ’ ಎಂದಿದ್ದಳಂತೆ. ಕಂಡಕ್ಟರ್ ಕೇಳುವ ಮೊದಲೇ ಈ ಹುಡುಗಿ ಎದ್ದು ನಿಂತು, ‘ನನಗ ಮೊನ್ನೆ ಆರು ತುಂಬೇತ್ರಿ’ ಎಂದಳು. ಇಡೀ ಬಸ್ಸು ನಕ್ಕಿತು. ಕಂಡಕ್ಟರ್ ನಗುತ್ತಲೇ ಅರ್ಧ ಟಿಕೇಟು ಹರಿದ. ಮಹಾವೀರ ಈ ಕಥೆಯನ್ನು ನನ್ನ ಅಂಗಡಿಯಲ್ಲಿ ನೂರು ಸಲ ಹೇಳಿದ್ದಾನೆ.

ಅವಳು ಓದಿ ಓದಿ ನೆಲದ ವಿಜ್ಞಾನಕ್ಕೆ ಹೋದಳು. ಪಿಎಚ್‌ಡಿಗೆ ಹಿಡಿದ ವಿಷಯ ನಮ್ಮದೇ ಹೊಳೆ. ಒಂದು ದಿನ ಅಂಗಡಿಯಲ್ಲಿ ಕೂತು ನನಗೆ ತಿಳಿಸಿ ಹೇಳಿದಳು.

‘ಹಿಮಯುಗ ಅಂದ್ರ ಇಲ್ಲೆ ಹಿಮ ಬಿದ್ದಿತ್ತಂತ ಅಲ್ಲ ಕಾಕಾ. ಹಿಮ ದೂರದ ದೇಶದಾಗ. ನಮ್ಮ ಕಡೆ ಬರೇ ಒಣಾ, ಮಳಿ ಕಡಿಮಿ ಆಗಿಬಿಟ್ಟಿತ್ತು. ಆ ಹಿಮ ಕರಗಿದ ಮ್ಯಾಲ ಮಳಿ ತಿರುಗಿ ಬಂತು. ಯಾವಾಗ ಬಂತು, ಕೃಷ್ಣಾ ಹೊಳಿ ಅವಾಗ ಹೆಂಗಿತ್ತು, ಅದ ನನಗ ಬೇಕಾಗೇತಿ.’

‘ಹತ್ತ ಸಾವಿರ ವರ್ಷದ ಹಿಂದಿನ ಮಳಿ ತೊಗೊಂಡು ಏನ ಮಾಡ್ತೀಯವಾ? ಹೋದ ವರ್ಷದ್ದ ನಮಗ ನೆನಪಿಲ್ಲ’ ಎಂದೆ ನಾನು.

‘ಈಗ ಭೂಮಿ ಮತ್ತ ಬಿಸಿ ಆಗಾಕತ್ತೇತಿ. ಹಿಂದ ಒಮ್ಮೆ ಬಿಸಿ ಆದಾಗ ಮಳಿ ಏನ ಮಾಡಿತ್ತು ಅಂತ ತಿಳದ್ರ, ಮುಂದ ಏನ ಮಾಡ್ತೈತಿ ಅಂತ ಒಂದೀಟರ ಹೇಳಾಕ ಬರ್ತೈತಲ್ರಿ.’

ಒಂಬತ್ತೂವರೆ ಸಾವಿರ ವರ್ಷದ ಹಿಂದೆ ನಮ್ಮ ಹೊಳೆದಂಡೆಯಲ್ಲಿ ದೊಡ್ಡ ಮಳೆಯಿತ್ತು, ಕಾಡು ಬೆಳೆದಿತ್ತು ಎಂಬುದು ಅವಳ ಲೆಕ್ಕ. ಹೊಳೆಯ ಹಳೆಯ ಮಣ್ಣಿನಲ್ಲಿ ಸಿಕ್ಕ ಬಸವನಹುಳದ ಚಿಪ್ಪುಗಳು ಆ ಮಾತನ್ನೇ ಹೇಳುತ್ತಿದ್ದವು. ಆದರೆ ಚಿಪ್ಪಿನ ಸಾಕ್ಷಿ ಪಕ್ಕಾ ಅಲ್ಲವಂತೆ, ಅದರೊಳಗೆ ಸುಣ್ಣಕಲ್ಲಿನ ಅಂಶ ಸೇರಿ ವಯಸ್ಸು ಹೆಚ್ಚುಕಡಿಮೆ ಆಗುತ್ತದಂತೆ. ಆ ಕಾಲದ ಒಂದು ಮರದ ತುಂಡು ಸಿಕ್ಕರೆ ಮುಗಿಯಿತು, ಯಾರೂ ಎದುರಾಡುವಂತಿಲ್ಲ ಎನ್ನುತ್ತಿದ್ದಳು. ಮೂರು ವರ್ಷ ಕಂಡ ಕಂಡ ದಂಡೆ, ಕೊರಕಲು ತಿರುಗಿದಳು. ಸಿಗಲಿಲ್ಲ.

ಕೊನೆಗೆ ಸಿಕ್ಕಿದ್ದು ಅವಳ ಸೋದರಮಾವ ಧರ್ಮರಾಜನ ಹೊಲದಲ್ಲಿ, ತುಬಚಿಯಲ್ಲಿ. ಕಬ್ಬಿಗೆಂದು ಅವನು ಬಾವಿ ತೋಡಿಸುತ್ತಿದ್ದ. ಮೇಲೆ ಎರೆಮಣ್ಣು, ಅದರ ಕೆಳಗೆ ಗರಸು, ನಲವತ್ತಡಿಗೆ ನೀಲಿಬಣ್ಣದ ಜೇಡಿ. ಆ ಜೇಡಿಯ ಗೋಡೆಯಿಂದ ಮೊಳದುದ್ದ ಹೊರಗೆ ಚಾಚಿದ ಕರೀ ದಿಮ್ಮಿ. ನೇಹಾ ಕೂಡಲೇ ನನಗೆ ಫೋನ್ ಮಾಡಿದಳು.

‘ಕಾಕಾ, ಲಗೂನ ಗರಗಸ ತೊಗೊಂಡು ಬರ್ರಿ. ನಾಳೆ ಸಿಮೆಂಟಿನ ರಿಂಗ್ ಇಳಸ್ತಾರ, ಆಮ್ಯಾಲ ಇದು ಸಿಗೂದಿಲ್ಲ. ಗರಗಸಕ್ಕ ಎಣ್ಣಿ ಹತ್ತಿರಬಾರದು ನೋಡ್ರಿ ಮತ್ತ.’

ಗರಗಸವನ್ನು ಸಾಬೂನು ಹಚ್ಚಿ ಮೂರು ಸಲ ತೊಳೆದೆ. ಅಷ್ಟು ಬುದ್ಧಿ ಅವತ್ತು ಇತ್ತು ನನಗೆ. ಕ್ರೇನಿನ ಬುಟ್ಟಿಯಲ್ಲಿ ಕೂತು ಬಾವಿಗಿಳಿದೆ. ಕೊಯ್ದಾಗ ಒಳಗಿನ ಸುತ್ತುಗಳು ಎಷ್ಟು ಅಗಲಗಲ ಇದ್ದವೆಂದರೆ ನನಗೆ ನೋಡಿದೊಡನೆ ತಿಳಿಯಿತು, ಇದು ಹೊಟ್ಟೆತುಂಬ ನೀರು ಕುಡಿದು ಬೆಳೆದ ಗಿಡ. ಹಾಗೆಂದು ಮೇಲೆ ಬಂದು ಹೇಳಿದೆ. ನೇಹಾ ಆ ಕೆಸರಿನಲ್ಲೇ ಕೂತು ಅತ್ತುಬಿಟ್ಟಳು. ಸಂತೋಷಕ್ಕೆ.

ಅದರ ವಯಸ್ಸನ್ನು ಹೇಗೆ ಹೇಳುತ್ತೀ ಎಂದು ಕೇಳಿದೆ. ನನ್ನ ಅಂಗಡಿಯಲ್ಲಿ ಆಡಿ ಬೆಳೆದವಳಲ್ಲವೇ, ನಮ್ಮ ಭಾಷೆಯಲ್ಲೇ ಹೇಳಿದಳು.

‘ಲಾಳಿಯೊಳಗ ನೂಲ ಸುತ್ತಿದ ಕಂಡಿಕಿ ಇರ್ತೈತಲ್ರಿ? ಹಂಗ ತಿಳೀರಿ. ಜೀವ ಇರೂತನ ಗಿಡ ಗಾಳಿಯಿಂದ ಕಾರ್ಬನ್ ತೊಗೋತೈತಿ. ಅದ್ರಾಗ ಒಂದು ಜಾತಿ ತಾನ ಕರಗಿ ಹೋಗೂವಂಥಾದ್ದು. ಗಿಡ ಸತ್ತ ದಿನ ಕಂಡಿಕಿ ತುಂಬಿರ್ತೈತಿ. ಆಮ್ಯಾಲ ಹೊಸಾ ನೂಲ ಸುತ್ತೂದು ಬಂದ್, ಬರೇ ಬಿಚ್ಚೂದು. ಐದ ಸಾವಿರದ ಏಳನೂರು ವರ್ಷಕ್ಕ ಅರ್ಧಾ. ಈಗ ಎಷ್ಟ ನೂಲ ಉಳದೈತಿ ಅಂತ ಅಳದ್ರ, ಸತ್ತ ಎಷ್ಟ ವರ್ಷಾತು ಅಂತ ತಿಳೀತು.’

ಇಷ್ಟು ಚೆನ್ನಾಗಿ ನಮ್ಮ ಮಗ್ಗದ ಮಾಲೀಕರಿಗೂ ಹೇಳಲು ಬರುವುದಿಲ್ಲ. ತುಂಡನ್ನು ಅವಳು ಬೆಳ್ಳಿಬಣ್ಣದ ಹಾಳೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಸ್ಟೀಲಿನ ಡಬ್ಬಿಯಲ್ಲಿಟ್ಟಳು. ಮರುದಿನವೇ ಬೀಳಗಿ ಕಡೆಯ ಹೊಳೆದಂಡೆಯ ಮಣ್ಣು ನೋಡಲು ಹೋಗುವುದಿತ್ತು, ಎಂಟು ದಿನದ ತಿರುಗಾಟ. ಆ ಬಿಸಿಲಲ್ಲಿ ಜೀಪಿನಲ್ಲಿ ಇದನ್ನು ಕುಲುಕಾಡಿಸಲು ಮನಸ್ಸಾಗದೆ ನನ್ನ ಅಂಗಡಿಯ ತಂಪಿನಲ್ಲಿ ಇಟ್ಟು ಹೋದಳು.

‘ತಗೀಬ್ಯಾಡ್ರಿ ಕಾಕಾ. ನೀರು, ಎಣ್ಣಿ, ಒರಸೂ ಅರಬಿ, ಏನೂ ತಾಕಬಾರದು. ನಿಮ್ಮ ಕೈಯಾಗ ಕೊಟ್ಟೇನಂದ್ರ ನನಗ ಚಿಂತಿಲ್ಲ’ ಎಂದಳು.

ನಿಮ್ಮ ಕೈಯಾಗ ಕೊಟ್ಟೇನಂದ್ರ. ಈ ಮಾತು ಈಗಲೂ ಊಟಕ್ಕೆ ಕೂತಾಗ ನೆನಪಾಗುತ್ತದೆ.

ಎರಡನೆಯ ದಿನ ತೆಗೆದೆ. ಏಕೆ ತೆಗೆದೆ? ಏಕೆಂದರೆ ನಾನು ಬಡಾಯಿಕೋರ. ಪಕ್ಕದ ಮಗ್ಗದ ಗೂಳಪ್ಪ ಬಂದು, ‘ಏನೋ ಭಾಳ ಹಳೇ ಕಟಿಗಿ ತಂದೀಯಂತ, ತೋರ್ಸಲಾ’ ಎಂದ. ತೋರಿಸಿದೆ. ಅವನು ಹೋಗಿ ನಾಲ್ವರಿಗೆ ಹೇಳಿದ, ಆ ನಾಲ್ವರೂ ಬಂದರು. ‘ನೋಡ್ರಿ, ನಮ್ಮ ಮುತ್ಯಾನ ಮುತ್ಯಾನ ಮುತ್ಯಾಗಿಂತ ಹಿರಿಯಾಂವ’ ಎಂದು ದಿನಕ್ಕೆ ಹತ್ತು ಸಲ ಬಿಚ್ಚಿ ಬಿಚ್ಚಿ ತೋರಿಸಿದೆ. ಮೇ ತಿಂಗಳ ಬಿಸಿಗಾಳಿ. ಸಾವಿರಾರು ವರ್ಷ ಒದ್ದೆ ಜೇಡಿಯಲ್ಲಿ ಮಲಗಿದ್ದ ಕಟ್ಟಿಗೆ ಅದು. ಐದನೆಯ ದಿನ ಬೆಳಿಗ್ಗೆ ಬಿಚ್ಚಿ ನೋಡಿದರೆ ಅಂಚಿನಿಂದ ಒಳಗಿನವರೆಗೆ ಒಂದು ಬಿರುಕು.

ಇನ್ನು ಮೂರು ದಿನದಲ್ಲಿ ಅವಳು ಬರುವಳು, ಅಷ್ಟರಲ್ಲಿ ಇದು ಚೂರುಚೂರಾಗುತ್ತದೆ ಎಂದುಕೊಂಡೆ. ಮುಂದೆ ಮಾಡಿದ್ದನ್ನು ಯೋಚಿಸಿ ಮಾಡಿದೆ ಎಂದರೆ ಸುಳ್ಳು, ಯೋಚಿಸದೆ ಮಾಡಿದೆ ಎಂದರೂ ಸುಳ್ಳು. ಅವಳ ಮಾತು ನೆನಪಿತ್ತು. ಎಣ್ಣೆಯ ತೊಟ್ಟಿಯಲ್ಲಿ ನಾಲ್ಕು ಹೊಸ ಕೋಲುಗಳು ನೆನೆಯುತ್ತಿದ್ದವು. ಅವುಗಳ ಪಕ್ಕದಲ್ಲಿ ಆ ತುಂಡನ್ನೂ ಇಳಿಸಿದೆ. ಕಟ್ಟಿಗೆ ಗಟಗಟನೆ ಎಣ್ಣೆ ಕುಡಿಯಿತು. ಎರಡು ದಿನ ಬಿಟ್ಟು ತೆಗೆದಾಗ ಬಿರುಕು ಕೂಡಿಕೊಂಡಿತ್ತು. ಒರೆಸಿದೆ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಬಾವಿಯಿಂದ ಬಂದ ಜೇಡಿ ನನ್ನ ಚಪ್ಪಲಿಗೆ, ಬುಟ್ಟಿಗೆ ಅಂಟಿದ್ದು ಇತ್ತಲ್ಲ, ಅದನ್ನು ಕೆರೆದು ನೀರಲ್ಲಿ ಕಲಸಿ ಕಟ್ಟಿಗೆಯ ಮೇಲೆ ತೆಳ್ಳಗೆ ಸವರಿ, ಮೊದಲಿನ ಹಾಗೆಯೇ ಸುತ್ತಿಟ್ಟೆ. ಕೈಗುಣ ಎಂದರೆ ಇದೇ ನೋಡಿ. ಯಾರಿಗೂ ಗೊತ್ತಾಗದ ಹಾಗೆ ಮಾಡಿದೆ.

ತಂಗೆವ್ವನಿಗೆ ಗೊತ್ತಾಯಿತು. ತುಂಡನ್ನು ತೊಟ್ಟಿಗೆ ಇಳಿಸುವಾಗ ನೀರು ತುಂಬಿದ ಕೊಡ ಹೊತ್ತು ಬಾಗಿಲಲ್ಲಿ ನಿಂತಿದ್ದಳು. ನೋಡಿ ಒಳಗೆ ಹೋದಳು.

ಎಂಟನೆಯ ದಿನ ನೇಹಾ ಬಂದಳು. ಜೈನರ ರೂಢಿಯಂತೆ ಹೊತ್ತು ಮುಳುಗುವ ಮೊದಲೇ ಊಟ ಆಗಬೇಕೆಂದು ತಂಗೆವ್ವ ಬೆಳ್ಳುಳ್ಳಿ, ಉಳ್ಳಾಗಡ್ಡಿ ಹಾಕದೆ ಬೇಳೆ ಮಾಡಿಟ್ಟಿದ್ದಳು. ಹುಡುಗಿ ಕೈ ಕೂಡ ತೊಳೆಯದೆ ಮೊದಲು ಡಬ್ಬಿ ತೆಗೆದು ಹಾಳೆಯ ಮೂಲೆ ಎತ್ತಿ ನೋಡಿದಳು. ಎಣ್ಣೆಯ ವಾಸನೆ ಬರಲಿಲ್ಲವೇ ಎಂದು ಕೇಳಬೇಡಿ. ನನ್ನ ಅಂಗಡಿ, ನನ್ನ ಅಂಗಿ, ನಮ್ಮ ಇಡೀ ಓಣಿ ಆ ವಾಸನೆಯೇ.

‘ಒಂದೂ ಸೀಳಿಲ್ಲಲ್ರಿ! ದಾರ್ಯಾಗ ಇದ ಚಿಂತಿ ಮಾಡ್ಕೋತ ಬಂದೆ. ಏನರ ಹಚ್ಚೀರೇನು ಮತ್ತ?’ ಎಂದು ನಕ್ಕಳು.

‘ಏ, ಏನೂ ಇಲ್ಲ ಬಿಡವಾ’ ಎಂದು ನಾನೂ ನಕ್ಕೆ.

ಮೊದಲ ಸಲ ಕೇಳಿದ್ದು ಹೀಗೆ, ನಗುನಗುತ್ತ.

ಆರು ತಿಂಗಳಿಗೆ ಲೆಕ್ಕ ಬಂತು. ಹನ್ನೆರಡೂವರೆ ಸಾವಿರ ವರ್ಷ. ಅವಳು ಹೇಳಿದ್ದಕ್ಕಿಂತ ಮೂರು ಸಾವಿರ ಹೆಚ್ಚು. ಅದು ದೊಡ್ಡ ಸುದ್ದಿಯೇ ಆಯಿತು. ಏಕೆಂದರೆ ಹಿಮ ಕರಗುತ್ತಿದ್ದ ಆ ಕಾಲದಲ್ಲಿ ನಡುವೆ ಮತ್ತೊಮ್ಮೆ ಚಳಿ ತಿರುಗಿ ಬಂದು, ನಮ್ಮ ಕಡೆ ಮಳೆ ಕೈಕೊಟ್ಟಿತ್ತೆಂದು ಎಲ್ಲರೂ ನಂಬಿದ್ದರು. ಅಂಥ ಹೊತ್ತಿನಲ್ಲಿ ತುಬಚಿಯಲ್ಲಿ ನೀರು ಕುಡಿದು ಬೆಳೆದ ಗಿಡ ಹೇಗೆ? ನೇಹಾ ಮೊದಲು ಒಪ್ಪಲಿಲ್ಲವಂತೆ. ಅವಳ ಗುರುಗಳು ಕುಣಿದಾಡಿದರಂತೆ. ಕಟ್ಟಿಗೆ ಸುಳ್ಳು ಹೇಳುವುದಿಲ್ಲ, ನಿನ್ನ ಚಿಪ್ಪುಗಳೇ ಸುಳ್ಳು ಎಂದರಂತೆ. ಮೂರು ವರ್ಷ ಹೆಕ್ಕಿ ತಂದ ಚಿಪ್ಪಿನ ಲೆಕ್ಕವನ್ನೆಲ್ಲ ಅವಳು ಪಕ್ಕಕ್ಕಿಟ್ಟಳು.

‘ನಂದು ಮೊದಲಿಂದು ತಪ್ಪಿತ್ತು ಕಾಕಾ. ನಿಮ್ಮ ಕಟಿಗಿ ನನಗ ಬುದ್ಧಿ ಕಲಿಸ್ತು’ ಎಂದು ಫೋನಿನಲ್ಲಿ ಹೇಳಿದಳು.

ಆಗ ನನಗೆ ಎಣ್ಣೆಗೂ ವಯಸ್ಸಿಗೂ ಇರುವ ನಂಟು ಗೊತ್ತಿರಲಿಲ್ಲ, ದೇವರಾಣೆ. ವಯಸ್ಸು ಬಂತಲ್ಲ, ಎಣ್ಣೆಯಿಂದ ಏನೂ ಕೆಡಲಿಲ್ಲ ಎಂದು ಮನಸ್ಸು ಹಗುರ ಮಾಡಿಕೊಂಡೆ. ಅವಳ ಲೇಖನ ಅಚ್ಚಾಯಿತು. ಅದರ ಕೊನೆಯಲ್ಲಿ ನನ್ನ ಹೆಸರು. ಗೂಳಪ್ಪನ ಮಗಳು ವೈಶಾಲಿ, ಜಮಖಂಡಿಯಲ್ಲಿ ಕಾಲೇಜು ಓದುವವಳು, ಇಂಗ್ಲಿಷಿನಿಂದ ಓದಿ ಹೇಳಿದಳು: ‘ಮಾದರಿಯನ್ನು ಜತನವಾಗಿ ಕಾಪಾಡಿದ ಬನಹಟ್ಟಿಯ ನಿಂಗಣ್ಣ ಬಡಿಗೇರ ಅವರಿಗೆ ಕೃತಜ್ಞತೆ.’ ಓಣಿಯವರು ಶಾಲು ಹೊದಿಸಿದರು. ಸಾಗುವಾನಿಯಲ್ಲಿ ನಾನೇ ಚೌಕಟ್ಟು ಮಾಡಿ, ಆ ಹಾಳೆಗೆ ಗಾಜು ಹಾಕಿಸಿ, ಅಂಗಡಿಯಲ್ಲಿ ಎಲ್ಲರಿಗೂ ಕಾಣುವ ಕಡೆ ತೂಗುಹಾಕಿದೆ.

ಮುಂದಿನ ಚಳಿಗಾಲ ನೇಹಾ ತಂದೆಯ ಜೊತೆ ಬಂದಳು. ಮುಖ ಇಳಿದುಹೋಗಿತ್ತು. ಯಾರೋ ಹೊರಗಿನ ವಿಜ್ಞಾನಿಯೊಬ್ಬರು ಈ ಲೆಕ್ಕವನ್ನು ನಂಬದೆ, ಕಟ್ಟಿಗೆಯ ಹೊರಭಾಗ ಬೇರೆ, ಒಳಭಾಗ ಬೇರೆ ಮಾಡಿ ಪರೀಕ್ಷಿಸಿ ಎಂದರಂತೆ. ಮಾಡಿಸಿದರೆ ಹೊರಗಿನದು ಹದಿನಾಲ್ಕು ಸಾವಿರ, ಒಳಗಿನದು ಹನ್ನೊಂದು ಸಾವಿರ.

‘ಒಂದ ಗಿಡ ಕಾಕಾ. ಒಳಗಿಂದು ಮೊದಲ ಬೆಳದದ್ದು, ಹೊರಗಿಂದು ಆಮ್ಯಾಲಿಂದು. ಹೊರಗಿಂದ ಹಳೇದು ಹೆಂಗಾಗ್ತೈತಿ? ಅದೂ ಮೂರ ಸಾವಿರ ವರ್ಷ? ಖರೆ ಹೇಳ್ರಿ, ಸಿಟ್ಟಾಗಬ್ಯಾಡ್ರಿ. ಏನರ ಹಚ್ಚಿದ್ರೇನು? ಮಶೀನಿನ ಎಣ್ಣಿ, ಗ್ರೀಸು, ಅಂಥಾದ್ದು? ಅದು ನೆಲದಾಗ ಕೋಟಿಗಟ್ಟಲೆ ವರ್ಷ ಇದ್ದದ್ದು, ಅದ್ರಾಗ ಒಂದ ಎಳಿ ನೂಲೂ ಉಳದಿಲ್ಲ. ತುಂಬಿದ ಕಂಡಿಕಿಯೊಳಗ ಖಾಲಿ ಕಂಡಿಕಿ ಕಲಸಿದಂಗ ಆಕ್ಕೈತಿ, ವಯಸ್ಸು ಸುಳ್ಳ ಏರತೈತಿ.’

ಆ ಕ್ಷಣ ಎಲ್ಲ ಅರ್ಥವಾಯಿತು. ಎಣ್ಣೆಯ ತೊಟ್ಟಿ ಅವಳ ಬೆನ್ನ ಹಿಂದೆ ಹತ್ತು ಹೆಜ್ಜೆಯಲ್ಲಿತ್ತು. ಗೋಡೆಯ ಮೇಲಿನ ಆ ಚೌಕಟ್ಟಿನ ಕೆಳಗೆ ಗೂಳಪ್ಪ ಕೂತು ಬಾಯಿ ತೆರೆದು ಕೇಳುತ್ತಿದ್ದ. ನಾನು ಬಾಯಿ ಬಿಡುವಷ್ಟರಲ್ಲಿ ಮಹಾವೀರ ಮಗಳ ಮೇಲೆ ರೇಗಿದ.

‘ಏನ ಕೇಳಾಕತ್ತೀ ನೀ? ನಿಂಗ್ಯಾ ಒಮ್ಮೆ ಮಾತ ಕೊಟ್ಟ ಮ್ಯಾಲ ಹಂಗ ಮಾಡಾಂವ ಅಲ್ಲ. ನಲವತ್ತ ವರ್ಷ ನೋಡೇನಿ ನಾ. ಹೇಳಲೇ ನಿಂಗ್ಯಾ, ಹಚ್ಚೀಯೇನು?’

‘ಇಲ್ಲಪಾ’ ಎಂದೆ. ನೇಹಾಳ ಕಡೆ ತಿರುಗಿ, ‘ಇಲ್ಲವಾ’ ಎಂದೆ.

ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ‘ಆತು ಬಿಡ್ರಿ ಕಾಕಾ’ ಎಂದಳು. ಎರಡನೆಯ ಸಲ ಕೇಳಿದ್ದು ಹೀಗೆ.

ಆ ಮೇಲೆ ನಡೆದದ್ದನ್ನು ಮಹಾವೀರ ಬಂದಾಗಲೆಲ್ಲ ಹೇಳುತ್ತಿದ್ದ. ನಾನು ರಂದಾ ಹೊಡೆಯುತ್ತ ತಲೆ ತಗ್ಗಿಸಿ ಕೇಳುತ್ತಿದ್ದೆ. ತಪ್ಪು ತನ್ನ ಕಡೆಯದೇ ಇರಬೇಕು, ಲ್ಯಾಬಿನಲ್ಲಿ ತಾನೇ ಏನೋ ಕೆಡಿಸಿರಬೇಕು ಎಂದು ಅವಳು ಬರೆದುಕೊಟ್ಟಳಂತೆ. ಗುರುಗಳು ಮಾತು ಬಿಟ್ಟರಂತೆ. ಅಚ್ಚಾದ ಲೇಖನವನ್ನು ಹಿಂದೆ ತೆಗೆದುಕೊಳ್ಳಬೇಕಾಯಿತು. ದೂರದ ಕೆರೆಗಳ ತಳದ ಹೂಳನ್ನು ಅಗೆದು ಹಳೆಯ ಮಳೆಯ ಚರಿತ್ರೆ ಹುಡುಕುವ ದೊಡ್ಡ ತಂಡವೊಂದಕ್ಕೆ ಅವಳು ಆಯ್ಕೆಯಾಗಿದ್ದಳು. ಆ ಜಾಗ ಇನ್ನೊಬ್ಬರಿಗೆ ಹೋಯಿತು. ಊಟ ಸೇರುತ್ತಿಲ್ಲವಂತೆ, ರಾತ್ರಿಯೆಲ್ಲ ತನ್ನ ಹಳೆಯ ಪುಸ್ತಕ ತೆಗೆದು ಎಲ್ಲಿ ತಪ್ಪಿದೆ ಎಂದು ಹುಡುಕುತ್ತಾಳಂತೆ.

‘ಹೇಳಿಬಿಡ್ರಿ. ನಾ ನೋಡೇನಿ ಅವತ್ತ, ತೊಟ್ಯಾಗ ಇಳಸಿದ್ರಿ ನೀವು. ಆ ಕೂಸಿನ ಹೊಟ್ಟಿ ಯಾಕ ಉರಸ್ತೀರಿ?’ ಎಂದಳು ತಂಗೆವ್ವ ಒಂದು ದಿನ.

‘ಸುಮ್ನಿರಬೇ, ನಿನಗೇನ ತಿಳೀತೈತಿ!’ ಎಂದು ಕೂಗಿದೆ. ಅವಳಿಗೆ ಎಲ್ಲ ತಿಳಿದಿತ್ತು. ಕೂಗಿದ್ದು ಅದಕ್ಕೇ.

ಹೇಳಬೇಕೆಂದು ಎರಡು ಸಲ ತೇರದಾಳದ ಬಸ್ಸು ಹತ್ತಿದೆ. ಒಮ್ಮೆ ಅರ್ಧ ದಾರಿಗೇ ಇಳಿದೆ. ಇನ್ನೊಮ್ಮೆ ಮಹಾವೀರನ ಮನೆಯ ಕಟ್ಟೆಯವರೆಗೆ ಹೋಗಿ, ಮಜ್ಜಿಗೆ ಕುಡಿದು, ಮಳೆ ಬೆಳೆ ಮಾತಾಡಿ ಬಂದೆ. ಶಾಲು, ಚೌಕಟ್ಟು, ನಲವತ್ತು ವರ್ಷ ನೋಡೇನಿ ಎಂಬ ಮಾತು, ಎಲ್ಲ ನಡುವೆ ಬಂದು ನಿಲ್ಲುತ್ತಿದ್ದವು. ಹೀಗೆ ಎಂಟು ತಿಂಗಳು ಕಳೆದವು.

ಭಾದ್ರಪದದಲ್ಲಿ ಜೈನರ ಹತ್ತು ದಿನದ ಪರ್ವ ಬರುತ್ತದೆ. ಅದು ಮುಗಿದ ಮೇಲೆ ಕ್ಷಮಾವಣಿ. ಅವತ್ತು ಅವರು ಮನೆಮನೆಗೆ ಹೋಗಿ, ಗೊತ್ತಿದ್ದೋ ಗೊತ್ತಿಲ್ಲದೆಯೋ ನಿಮ್ಮ ಮನಸ್ಸು ನೋಯಿಸಿದ್ದರೆ ಕ್ಷಮಿಸಿ ಎಂದು ಕೈ ಮುಗಿಯುತ್ತಾರೆ. ಹಿರಿಯರೆಂದಿಲ್ಲ, ಕಿರಿಯರೆಂದಿಲ್ಲ. ಮಹಾವೀರ ಪ್ರತಿವರ್ಷ ನನ್ನ ಅಂಗಡಿಗೂ ಬರುತ್ತಿದ್ದ. ‘ನಿನ್ನ ಬೈದದ್ದೆಲ್ಲಾ ಮಾಫ ಮಾಡಲೇ’ ಎನ್ನುತ್ತಿದ್ದ, ನಾನು ‘ಪೂರಾ ಮಾಡೂದಿಲ್ಲ, ಅರ್ಧಾ ಮಾಡ್ತೇನಿ’ ಎನ್ನುತ್ತಿದ್ದೆ, ಚಹಾ ಕುಡಿದು ನಗುತ್ತಿದ್ದೆವು.

ಆ ವರ್ಷ ಅವನ ಜೊತೆ ನೇಹಾ ಬಂದಳು. ಸೊರಗಿ ಕಡ್ಡಿಯಾಗಿದ್ದಳು. ಬಂದವಳೇ ಕಟ್ಟಿಗೆಯ ಸುರುಳಿಗಳ ನಡುವೆ ನಿಂತು ಎರಡೂ ಕೈ ಜೋಡಿಸಿದಳು.

‘ಕ್ಷಮಾ ಮಾಡ್ರಿ ಕಾಕಾ. ಅವತ್ತ ನೀವು ಇಲ್ಲಂದ ಮ್ಯಾಲೂ ನಿಮ್ಮ ಮ್ಯಾಲ ನನಗ ಸಂಶೆ ಇತ್ತು. ನಿಮ್ಮಂಥಾವ್ರನ್ನ ಮನಸಿನ್ಯಾಗ ಸುಳ್ಳರು ಅಂದೆ. ಅದು ಭಾಳ ತಪ್ಪಾತ್ರಿ.’

ಇಷ್ಟು ಹೇಳಿ ನನ್ನ ಕಾಲು ಮುಟ್ಟಲು ಬಗ್ಗಿದಳು. ನಾನು ಹಿಂದೆ ಸರಿದೆ. ಸರಿದ ರಭಸಕ್ಕೆ ಎಣ್ಣೆಯ ತೊಟ್ಟಿಗೆ ಕಾಲು ತಾಗಿ ಎಣ್ಣೆ ನೆಲಕ್ಕೆ ತುಳುಕಿತು.

‘ಮುಟ್ಟಬ್ಯಾಡವಾ! ನನ್ನ ಕಾಲ ಮುಟ್ಟಬ್ಯಾಡ. ಇದ್ರಾಗ ಇಟ್ಟಿದ್ದೆ. ಈ ತೊಟ್ಯಾಗ. ಎರಡ ದಿನ ಇಟ್ಟಿದ್ದೆ. ನಾನ ಬಿಚ್ಚಿ ಬಿಚ್ಚಿ ಎಲ್ಲಾರಿಗೂ ತೋರ್ಸಿದೆ, ಸೀಳ ಬಿಡ್ತು, ಎಣ್ಣ್ಯಾಗ ಇಳಸಿದೆ. ಮ್ಯಾಲ ರಾಡಿ ಮೆತ್ತಿ ಮುಚ್ಚಿದೆ. ನೀ ಕೇಳಿದಿ, ನಾ ಇಲ್ಲಂದೆ. ನಾ ಸುಳ್ಳ ಹೇಳಿದೆ ನೇಹಾ.’

ಓಣಿಯ ಮಗ್ಗಗಳು ಖಟಖಟ ಎನ್ನುತ್ತಲೇ ಇದ್ದವು. ನೇಹಾ ನೆಲಕ್ಕೆ ಚೆಲ್ಲಿದ್ದ ಎಣ್ಣೆಯನ್ನು ನೋಡುತ್ತಿದ್ದಳು. ಆಮೇಲೆ ಪರೀಕ್ಷೆಗೆಂದು ಒಂದು ಸಣ್ಣ ಬಾಟಲಿ ಕೇಳಿ ತೆಗೆದುಕೊಂಡು, ತೊಟ್ಟಿಯ ಎಣ್ಣೆಯನ್ನು ತುಂಬಿ ಬಿರಡೆ ಹಾಕಿದಳು.

‘ಎಣ್ಣಿ ಹಚ್ಚಿದ್ದು ದೊಡ್ಡದಲ್ರಿ ಕಾಕಾ. ಅವತ್ತ ಒಂದ ಮಾತ ಹೇಳಿದ್ರ ಬ್ಯಾರೆ ಔಷಧದಾಗ ತೊಳೀತಿದ್ದಿವಿ, ಎಣ್ಣಿ ಬಿಟ್ಟು ಹೋಗತಿತ್ತು. ಒಂದ ದಿನದ ಕೆಲಸ ಇತ್ತು ಅದು’ ಎಂದಳು.

ಒಂದು ದಿನದ ಕೆಲಸ. ನಾನು ಅದಕ್ಕೆ ಎರಡು ವರ್ಷ ತೆಗೆದುಕೊಂಡಿದ್ದೆ.

ಮಹಾವೀರ ಬೈಯಬಹುದಿತ್ತು. ಅವನು ಬೈಯಲಿ ಎಂದು ನಾನು ಕಾಯುತ್ತಿದ್ದೆ. ತಂಗೆವ್ವ ಚಹಾ ತಂದು ಇಟ್ಟಳು. ಅವನು ಮುಟ್ಟಲಿಲ್ಲ. ಮಗಳ ಹೆಗಲ ಮೇಲೆ ಕೈಯಿಟ್ಟುಕೊಂಡು ಹೊರಗೆ ನಡೆದ. ಆ ದಿನದಿಂದ ಅವನು ಬನಹಟ್ಟಿಗೆ ಬಂದರೂ ನಮ್ಮ ಓಣಿಗೆ ಬಂದಿಲ್ಲ.

ಲ್ಯಾಬಿನಲ್ಲಿ ಬೆರಳುದ್ದದ ಒಂದು ಚೂರು ಉಳಿದಿತ್ತಂತೆ. ಆ ಬೇರೆ ಔಷಧದಲ್ಲಿ ತೊಳೆದು, ಎಣ್ಣೆ ಪೂರಾ ಬಿಡಿಸಿ, ಮತ್ತೆ ಅಳೆದರು. ಮಾಘದಲ್ಲಿ ನೇಹಾಳ ಫೋನ್ ಬಂತು. ತಂಗೆವ್ವ ಎತ್ತಿ ನನ್ನ ಕಿವಿಗೆ ಹಿಡಿದಳು.

‘ಒಂಬತ್ತೂವರೆ ಸಾವಿರ ಕಾಕಾ.’

‘ಅಂದ್ರ?’

‘ಅಂದ್ರ ನನ್ನ ಮೊದಲಿನ ಲೆಕ್ಕಾನ ಖರೆ ಇತ್ರಿ. ಚಿಪ್ಪು ಹೇಳಿದ್ದೂ ಖರೆ ಇತ್ತು. ಅವಾಗ ಇಲ್ಲೆ ದೊಡ್ಡ ಮಳಿ ಇತ್ತು, ಅಡವಿ ಇತ್ತು. ಹೋದ ತಿಂಗಳ ಬ್ಯಾರೆದಾವ್ರು ಬ್ಯಾರೆ ಹೊಳಿದಂಡಿ ಮ್ಯಾಲ ಇದನ್ನ ಹುಡುಕಿ ಅಚ್ಚ ಮಾಡ್ಯಾರ. ಇರ್ಲಿ ಬಿಡ್ರಿ. ಖರೆ ಅನ್ನೂದು ಗೊತ್ತಾತಲ್ಲ.’

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಅವಳು ತಾನು ಮೊದಲೇ ಸರಿಯಾಗಿ ಹೇಳಿದ್ದನ್ನು ನನ್ನಿಂದಾಗಿ ತಪ್ಪೆಂದು ನಂಬಿ, ಕೈಯಾರೆ ಎತ್ತಿ ಎಸೆದಿದ್ದಳು. ಅದನ್ನು ನಾನು ಹೇಗೆ ತಿರುಗಿ ಕೊಡಲಿ? ಫೋನ್ ಇಟ್ಟ ಮೇಲೆ ಚೌಕಟ್ಟನ್ನು ಗೋಡೆಯಿಂದ ಇಳಿಸಿ ಕಟ್ಟಿಗೆಯ ರಾಶಿಯ ಹಿಂದೆ ಇಟ್ಟೆ.

ಯುಗಾದಿ ಆದ ಮೇಲೆ ಟಪಾಲಿನಲ್ಲಿ ಒಂದು ಹಾಳೆ ಬಂತು. ಹಳೆಯ ಲೇಖನ ಅಚ್ಚಾಗಿದ್ದ ಪತ್ರಿಕೆಯಲ್ಲೇ ಬಂದ ತಿದ್ದುಪಡಿ, ಅರ್ಧ ಪುಟ. ಜೊತೆಗೆ ಚೀಟಿ ಗೀಟಿ ಏನೂ ಇರಲಿಲ್ಲ. ವೈಶಾಲಿಯನ್ನು ಕರೆದೆ. ಗೂಳಪ್ಪನೂ ಬಂದು ನಿಂತ, ಬರಲಿ ಎಂದು ಬಿಟ್ಟೆ. ಹೆಸರು ಹಿಡಿದು ಬರೆದಿರುತ್ತಾಳೆ, ಇಡೀ ಓಣಿ ಕೇಳಲಿ ಎಂದು ಗಟ್ಟಿ ಮನಸ್ಸು ಮಾಡಿಕೊಂಡಿದ್ದೆ. ಖರೆ ಹೇಳುತ್ತೇನೆ, ಅದನ್ನೇ ಬಯಸುತ್ತಿದ್ದೆ. ಹೊಗಳಿದ ಕಡೆ ನನ್ನ ಹೆಸರು ಇದ್ದಿತಲ್ಲ, ಬೈಯುವ ಕಡೆಯೂ ಇರಬೇಕು.

ವೈಶಾಲಿ ನಿಧಾನವಾಗಿ ಓದಿ ಕನ್ನಡದಲ್ಲಿ ಹೇಳಿದಳು. ಮೊದಲು ಪ್ರಕಟವಾದ ವಯಸ್ಸು ತಪ್ಪು. ಮಾದರಿಗೆ ಖನಿಜ ಎಣ್ಣೆ ತಾಗಿತ್ತು. ಅದನ್ನು ತೆಗೆದ ಮೇಲೆ ಬಂದ ವಯಸ್ಸು ಒಂಬತ್ತೂವರೆ ಸಾವಿರ ವರ್ಷ.

‘ಆಮ್ಯಾಲ?’ ಎಂದೆ.

‘ಆಮ್ಯಾಲ ಒಂದ ಸಾಲ ಐತ್ರಿ. “ಮಾದರಿಯನ್ನು ಕಾದಿಟ್ಟವರನ್ನು ಎಣ್ಣೆ ತಾಗಿತ್ತೇ ಎಂದು ನಾನು ಕೇಳಿರಲಿಲ್ಲ. ತಪ್ಪು ಪೂರ್ತಿಯಾಗಿ ನನ್ನದು.” ಅಷ್ಟರಿ.’

‘ನನ್ನ ಹೆಸರು?’

‘ಇಲ್ರಿ ಕಾಕಾ. ಎಲ್ಲೂ ಇಲ್ಲ.’

ಇನ್ನೊಮ್ಮೆ ಓದು ಎಂದೆ. ಓದಿದಳು. ಮತ್ತೊಮ್ಮೆ ಓದಿಸಿದೆ. ಕೇಳಿರಲಿಲ್ಲ ಎಂದೇ ಇತ್ತು. ಟಿಕೇಟು ಉಳಿಯುತ್ತದೆಂದರೂ ಐದು ವರ್ಷ ಎನ್ನಲು ಒಪ್ಪದೆ ತುಂಬಿದ ಬಸ್ಸಿನಲ್ಲಿ ಎದ್ದು ನಿಂತ ಹುಡುಗಿ ಅದನ್ನು ಬರೆದಿದ್ದಳು, ಕೆಳಗೆ ತನ್ನ ಹೆಸರು ಹಾಕಿ.

ಕೇಳಿದ್ದಳು. ಎರಡು ಸಲ ಕೇಳಿದ್ದಳು.